ಮೇಲೆದ್ದ ಕೂಡಲೇ ವಿಮಾನದ ಎಂಜಿನ್ ನಿಂತರೆ ವಾಪಸ್ ತಿರುಗೋದಾ, ಮುಂದೆ ಇಳಿಸೋದಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಮಂಡ್ಯದ ಒಂದು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುವವಳು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ರಾತ್ರಿ ಪಾತ್ರೆ ತೊಳೆದು, ಮೊಸರಿಗೆ ಹೆಪ್ಪು ಹಾಕಿ ಮಹಡಿಗೆ ಬಂದರೆ ಒಂದು ಗಂಟೆ ಎಕ್ಸ್-ಪ್ಲೇನ್ ಮುಂದೆ ಕೂರುತ್ತೇನೆ. ಅದು ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್, ನಮ್ಮ ಬಾಯಲ್ಲಿ ಸಿಮ್. ಜಾಯ್‌ಸ್ಟಿಕ್ ಇದೆ, ಕಾಲಿಗೆ ರಡ್ಡರ್ ಪೆಡಲ್ ಇದೆ. ಪೆಡಲ್ ಹಿಂದೆ ಜಾರಬಾರದು ಅಂತ ಕೆಳಗೊಂದು ಹಳೇ ಯೋಗ ಮ್ಯಾಟ್. ನಮ್ಮೆಜಮಾನರ ಲೆಕ್ಕದಲ್ಲಿ ಇದು ಇವತ್ತಿಗೂ ವಿಡಿಯೋ ಗೇಮ್.

ನನ್ನ ಅಕ್ಕನ ಮಗಳು ಮಾತ್ರ ಹಾಗನ್ನುವುದಿಲ್ಲ. ಅವಳು ನಿಜವಾದ ವಿಮಾನ ಕಲಿಯುತ್ತಿದ್ದಾಳೆ. ಮದ್ದೂರು ಕಡೆಯವಳು, ತರಬೇತಿ ಮುಗಿಯುವ ತನಕ ನಮ್ಮ ಮನೆಯಲ್ಲೇ ಇದ್ದಾಳೆ. ಇನ್ನು ಮೂರನೆಯವನು ಪಕ್ಕದ ಮನೆ ಹುಡುಗ. ಎರಡನೇ ಪಿಯುಸಿ. ನನಗಿಂತ ಚೆನ್ನಾಗಿ ಸಿಮ್ ಹಾರಿಸುತ್ತಾನೆ, ಅದು ಅವನಿಗೂ ಗೊತ್ತು.

ಒಂದು ಭಾನುವಾರ ಅವನು ಸಿಮ್‌ನಲ್ಲಿ ಮಂಡಕಳ್ಳಿಯಿಂದ, ಅಂದರೆ ಮೈಸೂರು ವಿಮಾನ ನಿಲ್ದಾಣದಿಂದ, ಸೆಸ್ನಾ 172 ಅನ್ನುವ ಒಂದೇ ಎಂಜಿನ್ನಿನ ಪುಟ್ಟ ವಿಮಾನ ಎಬ್ಬಿಸಿದ. ನೆಲದಿಂದ 500 ಅಡಿಗೆ ಹೋಗಿದ್ದೇ ತಾನೇ ಎಂಜಿನ್ ಆಫ್ ಮಾಡಿದ. ಗಕ್ಕನೆ ಎಡಕ್ಕೆ ವಾಲಿಸಿ, ಒಂದು ಸುತ್ತು ಹಾಕಿ, ಬಿಟ್ಟುಬಂದ ರನ್‌ವೇಯಲ್ಲೇ ವಾಪಸ್ ಇಳಿಸಿದ. ನೋಡೋಕೆ ಸೊಗಸಾಗಿತ್ತು. ನಾನು ಚಪ್ಪಾಳೆ ತಟ್ಟಿದೆ. ಅಕ್ಕನ ಮಗಳು ತಟ್ಟಲಿಲ್ಲ.

"ಎಂಜಿನ್ ಯಾವಾಗ ನಿಲ್ಲುತ್ತೆ ಅಂತ ನಿನಗೆ ಗೊತ್ತಿತ್ತು ಅಲ್ವಾ?" ಅಂದಳು. "ಈಗ ಮೌಸ್ ನನಗೆ ಕೊಡು."

ಅವಳು ಮೊದಲು ಹವಾಮಾನದ ಪಟ್ಟಿ ತೆರೆದಳು. ಅವನು ಯಾವಾಗಲೂ ಹಾರಿಸುತ್ತಿದ್ದುದು ಸಿಮ್ ತಾನಾಗಿ ಕೊಡುವ ಹವಾಮಾನದಲ್ಲಿ. ಗಾಳಿ ಇಲ್ಲ, ಮೋಡ ಇಲ್ಲ, ಸಮುದ್ರಮಟ್ಟದಲ್ಲಿ 15 ಡಿಗ್ರಿ. ಮೈಸೂರಲ್ಲಿ ಏಪ್ರಿಲ್ ಮಧ್ಯಾಹ್ನ ಹೀಗಿರುತ್ತಾ? ಅವಳು 35 ಡಿಗ್ರಿ ಹಾಕಿದಳು.

ಇದರ ಲೆಕ್ಕ ಸ್ವಲ್ಪ ಹೇಳಲೇಬೇಕು. ಮಂಡಕಳ್ಳಿ ರನ್‌ವೇ ಇರುವುದೇ ಸಮುದ್ರಮಟ್ಟದಿಂದ ಸುಮಾರು 2400 ಅಡಿ ಎತ್ತರದಲ್ಲಿ. ಅಷ್ಟು ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ತಾಪಮಾನ ಸುಮಾರು 10 ಡಿಗ್ರಿ. ಅದಕ್ಕಿಂತ ಜಾಸ್ತಿಯಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಬೇಕು. 25 ಡಿಗ್ರಿ ಜಾಸ್ತಿ ಅಂದರೆ 3000 ಅಡಿ. ಹಾಗಾಗಿ ರನ್‌ವೇ ಮೇಲೆ ನಿಂತಿರುವಾಗಲೇ ವಿಮಾನದ ಪಾಲಿಗೆ ಅದು 5400 ಅಡಿಯ ತೆಳುವಾದ ಗಾಳಿ. ಎಂಜಿನ್‌ಗೆ ಶಕ್ತಿ ಕಡಿಮೆ, ರೆಕ್ಕೆಗೆ ಆಸರೆ ಕಡಿಮೆ. ಓಡುವ ದೂರ ಉದ್ದವಾಗುತ್ತೆ, ಏರುವುದು ನಿಧಾನವಾಗುತ್ತೆ. 500 ಅಡಿ ತಲುಪುವಷ್ಟರಲ್ಲಿ ರನ್‌ವೇ ಬಹಳ ಹಿಂದೆ ಉಳಿದಿರುತ್ತೆ.

ಹುಡುಗ ಮತ್ತೆ ವಿಮಾನ ಎಬ್ಬಿಸಿದ. ಈ ಸಲ ಅವಳು ಮೌಸ್ ಹಿಡಿದು, ಎಳೆದರೆ ಎಂಜಿನ್‌ಗೆ ಇಂಧನ ನಿಲ್ಲಿಸುವ ಕೆಂಪು ಮಿಕ್ಸ್ಚರ್ ನಾಬ್ ಮೇಲೆ ಬಾಣ ಇಟ್ಟು, ಅವನ ಕಾಲೇಜಿನ ಲ್ಯಾಬ್ ಪರೀಕ್ಷೆ ಬಗ್ಗೆ ಏನೋ ಕೇಳಿದಳು. ಅವನು ಉತ್ತರ ಹೇಳುತ್ತಾ ಇದ್ದ. ಅರ್ಧ ವಾಕ್ಯದಲ್ಲಿ ನಾಬ್ ಎಳೆದುಬಿಟ್ಟಳು.

ಅವನ ಮುಖ ನೋಡಬೇಕಿತ್ತು. ಮೊದಲು ಅವಳ ಕಡೆ ತಿರುಗಿದ. ಆಮೇಲೆ ಥ್ರಾಟಲ್ ಪೂರ್ತಿ ಮುಂದಿದೆಯಾ ಅಂತ ನೋಡಿದ. ಕೈ ಸ್ಟಿಕ್ ಮೇಲಿತ್ತು, ಆದರೆ ಮೂಗು ಇನ್ನೂ ಮೇಲಕ್ಕೇ ಇತ್ತು. ವೇಗದ ಮುಳ್ಳು 70 ದಾಟಿ ಕೆಳಗಿಳಿಯಿತು, 60 ಆಯಿತು, ಆಗ ತಿರುಗಿಸೋಕೆ ಶುರು ಮಾಡಿದ. ಸ್ಟಾಲ್ ಹಾರ್ನ್, ಅಂದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತಿದೆ ಅನ್ನುವ ಎಚ್ಚರಿಕೆ, ಕೂಗಿತು. ಎಡ ರೆಕ್ಕೆ ಕುಸಿಯಿತು. ಸ್ಕ್ರೀನ್ ತುಂಬಾ ಹೊಲ.

"ಹೇಳದೇ ಮಾಡಿದ್ರೆ ಹೇಗೆ ಅಕ್ಕಾ!" ಅಂದ. ಅವಳು, "ಎಂಜಿನ್ ಹೇಳಿ ನಿಲ್ಲುತ್ತೇನೋ?" ಅಂದಳು.

ವಾಪಸ್ ತಿರುಗುವುದು ಯಾಕೆ ಕಷ್ಟ ಅಂತ ಅವಳು ನನ್ನ ಹಾಲಿನ ಲೆಕ್ಕದ ಚೀಟಿ ಹಿಂದೆ ಬರೆದು ತೋರಿಸಿದಳು. ಸೆಸ್ನಾ 172ಎಸ್ ಮ್ಯಾನ್ಯುಯಲ್ ಪ್ರಕಾರ ಎಂಜಿನ್ ಇಲ್ಲದೆ ತೇಲಿ ಬರಲು 68 ನಾಟ್ ವೇಗ ಇಟ್ಟುಕೊಳ್ಳಬೇಕು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಇಳಿಸದೆ ನೇರ ಹಾರುವಾಗ ಸ್ಟಾಲ್ ಆಗುವುದು 48 ನಾಟ್‌ಗೆ. ನಡುವೆ 20 ನಾಟ್ ಇದೆ, ಧಾರಾಳ ಅನ್ನಿಸುತ್ತೆ. ಆದರೆ ವಾಲಿಸಿ ತಿರುಗಿಸಿದಷ್ಟೂ ಸ್ಟಾಲ್ ವೇಗ ಮೇಲೇರುತ್ತೆ. ಎತ್ತರ ಬಿಡದೆ ತಿರುಗುವಾಗ 45 ಡಿಗ್ರಿ ವಾಲಿಸಿದರೆ ಅದು 57 ಆಗುತ್ತೆ. 60 ಡಿಗ್ರಿ ವಾಲಿಸಿದರೆ 68! ಉಳಿಸಿಕೊಳ್ಳಬೇಕಾದ ವೇಗ, ಬಿದ್ದುಹೋಗುವ ವೇಗ ಎರಡೂ ಒಂದೇ. ಗಾಬರಿಯಲ್ಲಿರುವವನು ರನ್‌ವೇ ತಪ್ಪಿಹೋಗುತ್ತೆ ಅಂತ ಇನ್ನಷ್ಟು ವಾಲಿಸಿ, ಸ್ಟಿಕ್ ಇನ್ನಷ್ಟು ಎಳೆಯುತ್ತಾನೆ.

ಅರ್ಧ ಸುತ್ತು ತಿರುಗಿದರೆ ಸಾಕು ಅಂದುಕೊಂಡಿದ್ದೆ ನಾನು. ಸಾಲದು. 45 ಡಿಗ್ರಿ ವಾಲಿಸಿ ಅರ್ಧ ಸುತ್ತು ಮುಗಿಸಿದರೆ ರನ್‌ವೇ ನೇರದಿಂದ ಕಾಲು ಕಿಲೋಮೀಟರ್‌ಗಿಂತ ಜಾಸ್ತಿ ಪಕ್ಕದಲ್ಲಿರುತ್ತೀವಿ. ಇನ್ನೂ ತಿರುಗಬೇಕು, ಮತ್ತೆ ಈ ಕಡೆ ತಿರುಗಿ ನೇರ ಮಾಡಿಕೊಳ್ಳಬೇಕು. ಎದ್ದಿದ್ದು ಎದುರು ಗಾಳಿಗೆ, ಈಗ ಇಳಿಯುವುದು ಬೆನ್ನಿಗೆ ಬೀಸುವ ಗಾಳಿಯಲ್ಲಿ. ಇದೆಲ್ಲ ಎತ್ತರ ಕರಗುತ್ತಿರುವಾಗ.

ಹಾಗಂತ ವಾಪಸ್ ತಿರುಗುವುದು ಯಾವತ್ತೂ ತಪ್ಪು ಅಂತ ಅವಳು ಹೇಳುವುದಿಲ್ಲ. ಸಾಕಷ್ಟು ಎತ್ತರ ಇದ್ದರೆ ತಿರುಗಬಹುದು. ಎಷ್ಟು ಎತ್ತರ ಅನ್ನುವುದನ್ನು ನೆಲದ ಮೇಲಿರುವಾಗಲೇ ತೀರ್ಮಾನ ಮಾಡಿರಬೇಕು, ಅಷ್ಟೇ. ಅದಕ್ಕೇ ಅವಳು ಪ್ರತಿ ಟೇಕಾಫ್‌ಗೆ ಮೊದಲು ಬಾಯಿಬಿಟ್ಟು ಹೇಳಿಕೊಳ್ಳುತ್ತಾಳೆ: ಓಡುವಾಗ ಏನಾದರೂ ಆದರೆ ಬ್ರೇಕ್. ಎದ್ದ ಮೇಲೆ ಇಷ್ಟು ಅಡಿಗಿಂತ ಕೆಳಗೆ ಎಂಜಿನ್ ನಿಂತರೆ ಮೂಗು ಕೆಳಗೆ, ನೇರ ಮುಂದೆ, ಆಚೆ ಈಚೆ ಸ್ವಲ್ಪ ಮಾತ್ರ, ಸಿಕ್ಕ ಹೊಲಕ್ಕೆ. ಸ್ನಾನದ ಮನೆಯಲ್ಲೂ ಇದನ್ನೇ ಗೊಣಗುತ್ತಾಳೆ. ನಮ್ಮೆಜಮಾನರು ಮೊದಲು ಮಂತ್ರ ಅಂದುಕೊಂಡಿದ್ದರು.

ಹಡ್ಸನ್ ನದಿಯಲ್ಲಿ ಇಳಿಸಿದ ವಿಮಾನದ ಕಥೆ ಎಲ್ಲರಿಗೂ ಗೊತ್ತು. 2009ರ ಜನವರಿ 15, ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಗಳು ಬಡಿದು ಏರ್‌ಬಸ್‌ನ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡವು. 155 ಜನರೂ ಬದುಕಿದರು. ಆಮೇಲೆ ತನಿಖೆಯವರು ಸಿಮ್ಯುಲೇಟರ್‌ನಲ್ಲಿ ನೋಡಿದಾಗ, ಹಕ್ಕಿ ಬಡಿದ ತಕ್ಷಣ ತಿರುಗಿಸಿದ ಪೈಲಟ್‌ಗಳಲ್ಲಿ ಕೆಲವರು ವಿಮಾನ ನಿಲ್ದಾಣಕ್ಕೆ ವಾಪಸ್ ಮುಟ್ಟಿದರು. ಏನಾಯಿತು ಅಂತ ನೋಡಿ, ಯೋಚಿಸಿ, ತೀರ್ಮಾನ ಮಾಡೋಕೆ 35 ಸೆಕೆಂಡ್ ಸೇರಿಸಿದಾಗ ಮುಟ್ಟಲಾಗಲಿಲ್ಲ. ನನಗೆ ಇಡೀ ತನಿಖೆಯಲ್ಲಿ ಮನಸ್ಸಿಗೆ ನಾಟಿದ್ದು ಈ 35 ಸೆಕೆಂಡ್. ಮನೆಯ ಸಿಮ್‌ನಲ್ಲಿ ಇಲ್ಲದಿರುವುದೂ ಇದೇ. ಯಾಕಂದರೆ ಎಂಜಿನ್ ಕೆಡಿಸುವವರೂ ನಾವೇ, ಸರಿಮಾಡುವವರೂ ನಾವೇ. ಜೊತೆಗೆ ನಡುವೆ ತಡೆದು ನಿಲ್ಲಿಸುವ ಪಾಜ್ ಬಟನ್ ಬೇರೆ.

ಸರಿಯಾದ ತೀರ್ಮಾನ ಸಮಯಕ್ಕೆ ಆಗದಿದ್ದರೆ ಏನಾಗುತ್ತೆ ಅನ್ನೋಕೆ ನಮ್ಮ ರಾಜ್ಯದ ಉದಾಹರಣೆ ಮಂಗಳೂರಿನ ವಿಮಾನ ಅಪಘಾತ. ಬರೆಯೋಕೆ ಕೈ ಹಿಂಜರಿಯುತ್ತೆ, 158 ಜನ ಹೋದರು. 2010ರ ಮೇ 22. ಬದುಕಿದ್ದು 8 ಜನ. ತನಿಖಾ ವರದಿ ಓದಿದರೆ ಅಲ್ಲಿ ಎಂಜಿನ್ ಕೆಟ್ಟಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಜಾಸ್ತಿ ಇತ್ತು. ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಗೋ ಅರೌಂಡ್ ಅಂದರು, ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ. ಆದರೂ ಇಳಿಯಿತು, 8000 ಅಡಿ ರನ್‌ವೇಯಲ್ಲಿ ಸುಮಾರು 5200 ಅಡಿ ದಾಟಿದ ಮೇಲೆ. ಇಳಿದು, ವೇಗ ತಗ್ಗಿಸುವ ರಿವರ್ಸ್ ಥ್ರಸ್ಟ್ ಹಾಕಿದ ಮೇಲೆ ಮತ್ತೆ ಎಬ್ಬಿಸುವ ಪ್ರಯತ್ನ ನಡೆಯಿತು. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ರನ್‌ವೇ ದಾಟಿ ಬಿದ್ದ ವಿಮಾನವೂ ಮಳೆಯಲ್ಲಿ, ಬೆನ್ನಿಗೆ ಬೀಸುವ ಗಾಳಿಯಲ್ಲಿ, ರನ್‌ವೇಯ ಅರ್ಧದ ಹತ್ತಿರ ಇಳಿದಿದ್ದು. ಎರಡೂ ಕಡೆ ಕ್ಯಾಪ್ಟನ್‌ಗಳು ಅನುಭವಿಗಳು.

ಇದನ್ನು ಓದಿದ ಮೇಲೆ ನನ್ನ ಸಿಮ್ ಅಭ್ಯಾಸ ಬದಲಾಯಿತು. ಹವಾಮಾನ ಚೆನ್ನಾಗಿದ್ದಾಗ ನೆಲದಿಂದ 500 ಅಡಿ ಬರುವಷ್ಟರಲ್ಲಿ ವೇಗ, ಇಳಿಯುವ ದರ, ಫ್ಲಾಪ್, ದಿಕ್ಕು ಎಲ್ಲ ಸರಿಯಾಗಿರಬೇಕು, ಇಲ್ಲದಿದ್ದರೆ ಗೋ ಅರೌಂಡ್. ಇದು ಎಲ್ಲರಿಗೂ ಒಂದೇ ಆದ ಕಾನೂನಲ್ಲ, ವಿಮಾನಯಾನದಲ್ಲಿ ಬಹಳ ಜನ ಪಾಲಿಸುವ ಪದ್ಧತಿ. ನಾನು ಅದನ್ನು ಮಹಡಿ ಮೇಲಿನ ರೂಮಿನಲ್ಲೂ ಪಾಲಿಸುತ್ತೇನೆ. 1740 ಮೀಟರ್‌ನ ಮಂಡಕಳ್ಳಿ ರನ್‌ವೇ ಪುಟ್ಟ ಸೆಸ್ನಾಗೆ ಬೇಕಾದ್ದಕ್ಕಿಂತ ಉದ್ದ. ಅರ್ಧ ದಾಟಿ ಇಳಿಸಿದರೂ ನಿಲ್ಲುತ್ತೆ. ಅದೇ ತೊಂದರೆ. "ಪರವಾಗಿಲ್ಲ, ನಿಲ್ಲುತ್ತೆ" ಅನ್ನುವುದು ಅಭ್ಯಾಸವಾಗಿಬಿಡುತ್ತೆ. ಅದಕ್ಕೇ ಸರಿಯಿಲ್ಲ ಅನ್ನಿಸಿದರೆ ಸುಮ್ನೆ ಥ್ರಾಟಲ್ ಒತ್ತಿ ಮೇಲೇರುತ್ತೇನೆ, ಎಡಕ್ಕೆ ಚಾಮುಂಡಿ ಬೆಟ್ಟ ಕಾಣುತ್ತೆ. ಬೆಟ್ಟದ ತುದಿ ರನ್‌ವೇಗಿಂತ ಸುಮಾರು 1100 ಅಡಿ ಎತ್ತರ. ಸಣ್ಣ ವಿಮಾನಗಳು ಸಾಮಾನ್ಯವಾಗಿ ಸರ್ಕ್ಯೂಟ್ ಹಾರುವುದು, ಅಂದರೆ ಇಳಿಯೋಕೆ ರನ್‌ವೇ ಸುತ್ತ ಸುತ್ತುವುದು, ನೆಲದಿಂದ 1000 ಅಡಿಯಲ್ಲಿ. ಆ ಕಡೆ ಸುಮ್ಮನೆ ಅಗಲವಾಗಿ ಸುತ್ತುವ ಹಾಗಿಲ್ಲ.

ಹೋಗಬೇಡ ಅನ್ನುವ ತೀರ್ಮಾನ ಮಾತ್ರ ಸಿಮ್‌ನಿಂದ ಕಲಿಯೋಕೆ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಆರಕ್ಕೆ ಎದ್ದು, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಹೋದ ಅಕ್ಕನ ಮಗಳು ಮಂಜು ಕರಗಲಿಲ್ಲ ಅಂತ ವಾಪಸ್ ಬರುತ್ತಾಳೆ. ಕಣ್ಣಿಂದ ನೋಡಿ ಹಾರಿಸುವವರಿಗೆ ಕನಿಷ್ಠ 5 ಕಿಲೋಮೀಟರ್ ಕಾಣಬೇಕು. ಅಜ್ಜಿ ಮದ್ದೂರಿನಿಂದ ಫೋನ್ ಮಾಡಿ, "ಅಷ್ಟು ದುಡ್ಡು ಕಟ್ಟಿ ಮನೇಲಿ ಕೂತಿದ್ದೀಯಾ?" ಅನ್ನುತ್ತಾರೆ. ದುಡ್ಡು, ಮುಗಿಯದ ಗಂಟೆಗಳು, ಮುಂದೆ ಹೋದ ಬ್ಯಾಚಿನವರು ಎಲ್ಲ ಒತ್ತುತ್ತವೆ. ನನ್ನ ಸಿಮ್‌ಗೆ ಅಜ್ಜಿ ಇಲ್ಲ. ಮಂಜು ಬಂದರೆ ಸ್ಲೈಡರ್ ಎಳೆದು ತೆಗೆದುಬಿಡುತ್ತೇನೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದ್ದರು. ಉಪಕರಣ ನೋಡಿ ಹಾರಿಸಲು ಕಲಿಯದ 20 ಜನರಿಗೆ, ಹೊರಗೆ ಏನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಕುರ್ಚಿಯಲ್ಲಿ ಕೂತ ನನ್ನ ಕಿವಿ ನನಗೆ ಸುಳ್ಳು ಹೇಳುವುದಿಲ್ಲ. ನಿಜವಾದ ಮೋಡದೊಳಗೆ ಒಳಕಿವಿ ಹೇಳುತ್ತೆ, ವಿಮಾನ ವಾಲಿದ್ದರೂ ನೇರ ಇದೆ ಅಂತ. ಆಗ ಕಿವಿ ಬಿಟ್ಟು ಮುಳ್ಳುಗಳನ್ನು ನಂಬಬೇಕು. ಮುಳ್ಳುಗಳ ಮೇಲೆ ಕಣ್ಣಾಡಿಸುವುದನ್ನು ಮಾತ್ರ ಸಿಮ್ ಬಹಳ ಚೆನ್ನಾಗಿ ಕಲಿಸುತ್ತೆ.  ಇಂಥ ಸಿಮ್‌ಗಳ ಹಿರಿಯಜ್ಜ ಅನ್ನಬಹುದಾದ ತಮ್ಮ ಮೊದಲ ಟ್ರೇನರ್ ಅನ್ನು 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಕಟ್ಟಿದ್ದು ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನು ಬಳಸಿ.

ಈಗ ಹುಡುಗನ ಅಪ್ಪ ನನ್ನ ಹಿಂದೆ ಬಿದ್ದಿದ್ದಾರೆ. ಮಗ ಇಷ್ಟೊಂದು ಹಾರಿಸಿದ್ದಾನಲ್ಲ ಮೇಡಂ, ಇದು ಲೈಸೆನ್ಸ್‌ಗೆ ಲೆಕ್ಕ ಬರುತ್ತಾ ಅಂತ. ಒಂದು ನಿಮಿಷವೂ ಬರುವುದಿಲ್ಲ ಅಂದೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಬೇಕು. ಮನ್ನಣೆ ಇರುವ ಸಿಮ್ಯುಲೇಟರ್‌ನ ಕೆಲವೇ ಗಂಟೆ ಒಪ್ಪುತ್ತಾರೆ, ಮನೆಯ ಕಂಪ್ಯೂಟರ್ ಒಪ್ಪುವುದಿಲ್ಲ. ಫೀಸು ಕಟ್ಟುವ ಮೊದಲು ಡಿಜಿಸಿಎ (ನಾಗರಿಕ ವಿಮಾನಯಾನದ ಕೇಂದ್ರ ಸರ್ಕಾರಿ ಸಂಸ್ಥೆ) ಒಪ್ಪಿದ ಡಾಕ್ಟರ್ ಹತ್ತಿರ ಕ್ಲಾಸ್ 2 ಮೆಡಿಕಲ್ ಅನ್ನುವ ಆರೋಗ್ಯ ತಪಾಸಣೆ ಮಾಡಿಸಿಬಿಡಿ, ಫೀಸು ಕಟ್ಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅಳುವವರಿದ್ದಾರೆ ಅಂತ ಹೇಳಿದ್ದೇನೆ. ಹುಡುಗ ಪರೀಕ್ಷೆ ಮುಗಿದ ಮಾರನೇ ದಿನವೇ ಹೋಗೋಣ ಅಂತಿದ್ದಾನೆ. ಅಷ್ಟರೊಳಗೆ ಭಾನುವಾರ ಬಂದರೆ ಮೌಸ್ ಯಾರ ಕೈಯಲ್ಲಿ ಅಂತ ಜಗಳ.