ಮಾಸ್ಟ್ರು ನೋಡಿದ್ದು ನನ್ನ ಕೈ

ಮುಂಬಯಿಯ ನಮ್ಮ ಕನ್ನಡದವರ ಸನ್ಮಾನ ಸಭೆಗೆ ನೀವು ಒಮ್ಮೆ ಹೋಗಿದ್ದರೂ ಈ ಭಾಷಣ ಕೇಳಿಯೇ ಇರುತ್ತೀರಿ. "ಹನ್ನೊಂದನೇ ವಯಸ್ಸಿಗೆ ಊರು ಬಿಟ್ಟೆ. ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದೆ. ರಾತ್ರಿ ಶಾಲೆಯಲ್ಲಿ ಓದಿದೆ. ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ." ಆಮೇಲೆ ಚಪ್ಪಾಳೆ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ನಾನೂ ಎರಡು ಸಲ ಇದೇ ಭಾಷಣ ಮಾಡಿದ್ದೇನೆ. ಸುಳ್ಳೇನಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೆ.

ಉಳಿದ ಅರ್ಧ ಬರೆಯಲು ಕೂತಿದ್ದು ಕಳೆದ ಮಳೆಗಾಲದಲ್ಲಿ ನನ್ನ ಕ್ಯಾಂಟೀನಿಗೆ ಬಂದ ಒಬ್ಬ ಹುಡುಗನಿಂದ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವನು. ಅಪ್ಪ ತೀರಿಕೊಂಡ ವರ್ಷ, 1975ರಲ್ಲಿ, ದೂರದ ಮಾವ ಒಬ್ಬರು ಬೊಂಬಾಯಿಗೆ ಕರೆದುಕೊಂಡು ಬಂದರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ನಮಗೆ ಬಸ್ಸೇ ಗತಿ. ಘಟ್ಟ ಹತ್ತುವಾಗ ಶುರುವಾದ ವಾಂತಿ ಪುಣೆ ದಾಟಿದರೂ ನಿಂತಿರಲಿಲ್ಲ. ಮಾವ ಅಲ್ಲಿನ ಫೋರ್ಟ್ ಏರಿಯಾದ ಒಂದು ಹೋಟೆಲಿನ ಗಲ್ಲಾದ ಮುಂದೆ ನನ್ನನ್ನು ನಿಲ್ಲಿಸಿ, "ಹುಡುಗ ಚುರುಕಿದ್ದಾನೆ" ಎಂದು ಹೇಳಿ ಹೋದರು. ಮತ್ತೆ ಅವರು ಕಂಡಿದ್ದು ಎರಡು ವರ್ಷದ ಮೇಲೆ.

ನನ್ನ ಜಾಗ ಮೋರಿ. ಮುಂಬಯಿಯವರಿಗೆ ಗೊತ್ತಿರುತ್ತದೆ, ಪಾತ್ರೆ ತೊಳೆಯುವ ಕಟ್ಟೆ. ಬೆಳಿಗ್ಗೆ ಐದೂವರೆಯಿಂದ ಕಾಲು ನೀರಿನಲ್ಲೇ. ಸೋಡಾ ಪುಡಿ ಹಾಕಿದ ಬಿಸಿ ನೀರಿನಲ್ಲಿ ಕೈ. ತಿಂಗಳೊಳಗೆ ಬೆರಳಿನ ಸಂದು ಬೆಳ್ಳಗೆ ಬೆಂದ ಹಾಗಾಗಿ, ಸಿಪ್ಪೆ ಎದ್ದು, ಇಡ್ಲಿ ಹಿಟ್ಟಿನ ಹುಳಿ ತಾಗಿದರೂ ಉರಿಯುತ್ತಿತ್ತು. ಬಶಿ ಒಡೆದರೆ ಸಂಬಳದಲ್ಲಿ ಹಿಡಿಯುತ್ತಿದ್ದರು. ಒಟ್ಟಿಗೆ ಎರಡು ಒಡೆದರೆ ಮ್ಯಾನೇಜರ್ ಏಟು. ಬರಿಗೈಯಲ್ಲಿ ಅಲ್ಲ, ಭಟ್ಟಿಯ ಹತ್ತಿರ ಇರುತ್ತಿದ್ದ ಇಕ್ಕಳದಲ್ಲಿ. ಅತ್ತರೆ "ಡೋಂಗ್ರಿಗೆ ಹಾಕಿಬಿಡ್ತೇನೆ" ಅನ್ನುತ್ತಿದ್ದರು. ಡೋಂಗ್ರಿ ಎಂದರೆ ಮಕ್ಕಳ ರಿಮಾಂಡ್ ಹೋಮ್. ನಮಗೆ ಅದು ಜೈಲಿಗಿಂತ ದೊಡ್ಡ ಭಯ.

ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗುತ್ತಿದ್ದೆವು. ದೊಡ್ಡವರು, ಸಣ್ಣವರು, ಎಲ್ಲ ಒಂದೇ ಕಡೆ. ಆ ರಾತ್ರಿಗಳ ಬಗ್ಗೆ ಇಷ್ಟೇ ಬರೆಯಬಲ್ಲೆ. ಗೋಡೆ ಬದಿಯ ಮೇಜು ಸಿಗಲೆಂದು ನಾನು ಊಟ ಬಿಟ್ಟಾದರೂ ಬೇಗ ಹೋಗಿ ಮಲಗುತ್ತಿದ್ದೆ.

ಫೋರ್ಟಿನಲ್ಲಿ ಆಗ ಕನ್ನಡ ರಾತ್ರಿ ಶಾಲೆಗಳು ಇದ್ದವು. ಹಗಲು ಆಫೀಸಿನಲ್ಲಿ ದುಡಿದವರು ರಾತ್ರಿ ಬಂದು ನಮ್ಮಂಥವರಿಗೆ ಪಾಠ ಹೇಳುತ್ತಿದ್ದರು. ನಮ್ಮ ಮಾಸ್ಟ್ರು ಬ್ಯಾಂಕ್ ಗುಮಾಸ್ತರು. ಒಂದು ದಿನ ನನ್ನ ಕಾಪಿ ಪುಸ್ತಕ ನೋಡಲು ಬಂದವರು ಅಕ್ಷರ ಬಿಟ್ಟು ಕೈ ನೋಡಿದರು. ತಿರುಗಿಸಿ ನೋಡಿದರು. ಅಂಗಿಯ ತೋಳು ಮೇಲೆ ಮಾಡಿ ನೋಡಿದರು. ಏನೂ ಕೇಳಲಿಲ್ಲ.

ಮಾರನೇ ಸಂಜೆ ಹೋಟೆಲಿಗೆ ಬಂದರು. ಮೋರಿ ಕಾಣುವ ಮೇಜಿಗೆ ಕೂತು ಒಂದು ಸಿಂಗಲ್ ಚಹಾ ಹೇಳಿ ಮುಕ್ಕಾಲು ಗಂಟೆ ಕುಡಿದರು. ಮೂರು ದಿನ ಹೀಗೆಯೇ. ಮೂರನೇ ದಿನ ಗಲ್ಲಾದಲ್ಲಿ ದುಡ್ಡು ಕೊಡುವಾಗ ಮ್ಯಾನೇಜರಿಗೆ, "ಈ ಹುಡುಗ ದಿನಾ ಏಳಕ್ಕೆ ಶಾಲೆಯಲ್ಲಿರಬೇಕು ಮಾರಾಯ್ರೆ. ಬರದಿದ್ದರೆ ನಾನೇ ಬಂದು ಕರೆದುಕೊಂಡು ಹೋಗ್ತೇನೆ" ಅಂದರು. ದನಿ ಏರಿಸಲಿಲ್ಲ.

ಅವತ್ತಿನಿಂದ ನನಗೆ ಏಟು ಬೀಳುವುದು ನಿಂತಿತು.

ಇಲ್ಲಿಗೆ ನಿಲ್ಲಿಸಿದರೆ ಇದೂ ಸನ್ಮಾನದ ಭಾಷಣವೇ ಆಗುತ್ತದೆ. ಇಕ್ಕಳ ಎಲ್ಲಿಗೂ ಹೋಗಿರಲಿಲ್ಲ. ನನ್ನ ಪಕ್ಕ ತೊಳೆಯುತ್ತಿದ್ದ ಇನ್ನೊಬ್ಬನಿಗೆ ಬೀಳತೊಡಗಿತು, ಮೊದಲಿಗಿಂತ ಜಾಸ್ತಿ. ಅವನು ಶಾಲೆಗೆ ಬರುತ್ತಿರಲಿಲ್ಲ. ಅವನ ಕೈ ನೋಡುವವರು ಯಾರೂ ಇರಲಿಲ್ಲ. ನಾನು ಮಾಸ್ಟ್ರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಬೆಳಿಗ್ಗೆ ಅವನ ಚಾಪೆ ಖಾಲಿಯಿತ್ತು, ಅಷ್ಟೇ.

ಈಗ ಆ ಮಳೆಗಾಲದ ಹುಡುಗನ ವಿಷಯ. ಮುಲುಂಡಿನಲ್ಲಿ ನನ್ನದೊಂದು ಆಫೀಸ್ ಕ್ಯಾಂಟೀನ್ ಇದೆ. ಊರ ಕಡೆಯ ಪರಿಚಯದವರೊಬ್ಬರು ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದರು, ಜೊತೆಗೊಬ್ಬ ಹುಡುಗ. "ಅಣ್ಣ, ತಂದೆ ಇಲ್ಲ. ಹದಿನೈದು ವರ್ಷ. ನೀವೂ ಹೀಗೇ ಬಂದವರಲ್ವಾ?" ಅಂದರು. ಕೊನೆಯ ಮಾತಿಗೆ ನಾನು ಕರಗಿಬಿಟ್ಟೆ. ಆಧಾರ್ ಕಾರ್ಡ್ ಕೇಳಿದ್ದಕ್ಕೆ "ಆಮೇಲೆ ಕಳಿಸ್ತೇನೆ" ಅಂದರು. ಸರಿ ಅಂದೆ.

ಕಾನೂನು ನನಗೆ ಗೊತ್ತಿಲ್ಲದ್ದೇನಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಮನೆಗೆಲಸಕ್ಕೆ 14ರ ಕೆಳಗಿನವರನ್ನು ಇಟ್ಟುಕೊಳ್ಳುವಂತಿಲ್ಲ. 2016ರ ತಿದ್ದುಪಡಿಯ ಪ್ರಕಾರ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20ರಿಂದ 50 ಸಾವಿರ ದಂಡ, ಅಥವಾ ಎರಡೂ. ನಮ್ಮ ಹೋಟೆಲಿನವರಿಗೆ ಇದು ಬಾಯಿಪಾಠ. ಅದಕ್ಕೇ ಊರಿಂದ ಬರುವ ಹುಡುಗರೆಲ್ಲ ಹದಿನೈದು ವರ್ಷದವರೇ.

ಮೂರು ದಿನ ಇಟ್ಟುಕೊಂಡೆ. ಹೊಟ್ಟೆ ತುಂಬ ಊಟ, ಹೊಸ ಚಪ್ಪಲಿ. ಮೋರಿಗೆ ಹಾಕಲಿಲ್ಲ, ಮೇಜು ಒರೆಸುವುದಷ್ಟೇ. ನಾನು ಒಳ್ಳೆಯ ಮನುಷ್ಯ ಅಂತ ನನಗೇ ಅನ್ನಿಸುತ್ತಿತ್ತು. ಮೂರನೇ ರಾತ್ರಿ ಊಟದ ಹೊತ್ತಿಗೆ ಮಗಳು ಕೇಳಿದಳು, "ಅಪ್ಪ, ಅವನು ರಾತ್ರಿ ಎಲ್ಲಿ ಮಲಗ್ತಾನೆ?"

ಭಾಂಡುಪಿನ ಖೋಲಿಯಲ್ಲಿ, ನನ್ನ ಏಳು ಜನ ಕೆಲಸದವರ ಜೊತೆ. ಆ ಏಳು ಜನ ಕೆಟ್ಟವರಲ್ಲ. ಆದರೆ ನಮ್ಮ ಹೋಟೆಲಿನವರನ್ನೂ ಮಾವ ಹಾಗೇ ಅಂದುಕೊಂಡಿದ್ದರಲ್ಲ. ತುತ್ತು ಕೆಳಗಿಟ್ಟೆ. ಆಗಲೇ ಹೋಗಿ ಹುಡುಗನನ್ನು ಮನೆಗೆ ಕರೆದುಕೊಂಡು ಬಂದೆ. ಚಾಪೆ ಹಾಸಿಕೊಂಡು, ತಾನಾಗಿಯೇ ಗೋಡೆಗೆ ಬೆನ್ನು ಕೊಟ್ಟು ಮಲಗಿದ. ಮಲಗುವ ಮುಂಚೆ "ನಿಜವಾಗಿ ಎಷ್ಟನೇ ಕ್ಲಾಸು?" ಅಂದೆ. "ಏಳು ಮುಗಿದಿದೆ." ಹದಿಮೂರು ವರ್ಷ.

ಬೆಳಿಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗಳೇ ಡಯಲ್ ಮಾಡಿ ಕೊಟ್ಟಳು. ಇದು ಶುರುವಾಗಿದ್ದೇ ನಮ್ಮ ಮುಂಬಯಿಯಲ್ಲಿ, 1996ರಲ್ಲಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಶುರು ಮಾಡಿದ್ದು. ನನ್ನ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೂ ಮಾಡುತ್ತಿದ್ದೆನೋ ಇಲ್ಲವೋ, ಫೋನು ಗಲ್ಲಾದ ಮೇಲಿತ್ತು.

ಮಧ್ಯಾಹ್ನ ಇಬ್ಬರು ಬಂದರು, ಸಾದಾ ಬಟ್ಟೆಯಲ್ಲಿ. ಹುಡುಗನ ಜೊತೆ ಬೇರೆಯಾಗಿ ಮಾತಾಡಬೇಕು, ನೀವು ಹೊರಗಿರಿ ಅಂದರು. ನನ್ನದೇ ಮನೆ, ನನ್ನನ್ನೇ ಹೊರಗೆ ಕಳಿಸಿದರಲ್ಲ ಅಂತ ಸಿಟ್ಟು ಬಂತು. ಲಿಫ್ಟಿನ ಮುಂದೆ ನಿಂತಾಗ ನೆನಪಾಯಿತು. ಹೋಟೆಲಿಗೆ ಯಾರೇ ತಪಾಸಣೆಗೆ ಬಂದರೂ ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿಲ್ಲುತ್ತಿದ್ದರು. ಕೇಳಿದವರಿಗೆಲ್ಲ ನಾನು "ಚೆನ್ನಾಗಿದ್ದೇನೆ" ಅಂದಿದ್ದೆ.

24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಬೇಕು, ಮಾಡಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಮೂರು ದಿನ ಕೆಲಸ ಮಾಡಿಸಿದ್ದನ್ನು ಮುಚ್ಚಿಡಲಿಲ್ಲ. ಅದು ಏನಾಗುತ್ತದೋ ಆಗಲಿ. ತಾಯಿ ಬಂದರು. ಹುಡುಗ ನನ್ನ ಮುಖ ನೋಡದೆ, "ಸೇಟ್, ನಾನು ಕೆಲಸ ಸರಿ ಮಾಡಿರಲಿಲ್ವಾ?" ಅಂದ. ಇದಕ್ಕೆ ಏನು ಹೇಳುವುದು, ಹೇಳಿ.

ಈಗ ಅವನು ಊರ ಹತ್ತಿರದ ಸರ್ಕಾರಿ ಹಾಸ್ಟೆಲಿನಲ್ಲಿದ್ದಾನೆ, ಎಂಟನೇ ಕ್ಲಾಸು. ಮೊನ್ನೆ ತಾಯಿಗೆ ಫೋನ್ ಮಾಡಿದೆ. ರಜೆಗೆ ಮನೆಗೆ ಬಂದಿದ್ದನಂತೆ. ಕರೆದರೂ ಫೋನಿಗೆ ಬರಲಿಲ್ಲ. ಕರೆದುಕೊಂಡು ಬಂದ ಪರಿಚಯದವರು ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ಡಿಸೆಂಬರಿನಲ್ಲಿ ನನಗೆ ಮತ್ತೊಂದು ಸನ್ಮಾನ ಇದೆ. ಆ ಮ್ಯಾನೇಜರರ ಮಗ ಮೊದಲ ಸಾಲಿನಲ್ಲೇ ಕೂತಿರುತ್ತಾರೆ, ನನಗೆ ಒಳ್ಳೆಯ ಸ್ನೇಹಿತರು. ಈ ಸಲದ ಭಾಷಣ ಬರೆದಿಟ್ಟುಕೊಂಡಿದ್ದೇನೆ, ಇಕ್ಕಳ ಸಮೇತ. ಹೆಂಡತಿ ಓದಿದಳು. ಒಳ್ಳೆಯದಿದೆ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಾಳೆ ಮಡಚಿ ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ.