ಮಳೆ ನಕ್ಷತ್ರದ ಲೆಕ್ಕದಲ್ಲಿ ಜೇನು, ಕಳಲೆ, ಅಣಬೆ: ಕೆಲಸ ಎಲ್ಲಿಗೆ ಬಂತು

ಮಳೆ ಬದಲಾದರೆ ಕಾಡಿಂದ ಸಿಗುವ ಜೇನು, ಕಳಲೆ (ಎಳೆ ಬಿದಿರ ಮೊಳಕೆ), ಅಣಬೆ ಹೇಗೆ ಬದಲಾಗುತ್ತವೆ ಅಂತ ಹುಡುಕುವುದು ನನ್ನ ಕೆಲಸ. ಅದರಲ್ಲಿ ಈ ಸಲದ ದೊಡ್ಡ ಬದಲಾವಣೆ ಅಂದ್ರೆ ತಿಂಗಳ ಲೆಕ್ಕ ಬಿಟ್ಟೆ. ಜೂನ್, ಜುಲೈ ಅಂತ ಮಳೆ ಕೂಡಿಸುವ ಬದಲು ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ನಕ್ಷತ್ರದ ಪ್ರಕಾರ ಕೂಡಿಸುತ್ತಿದ್ದೇನೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಮಲೆಕುಡಿಯ ಅನ್ನುವ ಆದಿವಾಸಿ ಸಮುದಾಯದ ಹಿರಿಯರನ್ನು ಹೆಜ್ಜೇನು ಯಾವಾಗ ಕೀಳ್ತೀರಿ, ಕಳಲೆ ಯಾವಾಗ ಏಳುತ್ತೆ ಅಂತ ಕೇಳಿದರೆ ಅವರು ತಿಂಗಳು ಹೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾರೆ. ಒಂದೊಂದು ಮಳೆ ಸುಮಾರು 13-14 ದಿನ. ನನಗೆ ಬೇಕಾದ ಅಳತೆಯೂ ಅದೇ, ಯಾಕಂದ್ರೆ ಕಾಡಿನ ಕೆಲಸ ತಿಂಗಳಿಗೊಮ್ಮೆ ಅಲ್ಲ, ವಾರ ಎರಡು ವಾರದಲ್ಲಿ ಬದಲಾಗುತ್ತದೆ.

ಇದರ ಲಾಭ 2019ರ ಗ್ರಾಫಿನಲ್ಲೇ ಕಂಡಿತು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಜೂನ್ ಪೂರ್ತಿ ಮಳೆ ಸೊರಗಿತ್ತು. ಆಮೇಲೆ ಆಗಸ್ಟ್ ಮೊದಲಲ್ಲಿ ಆಶ್ಲೇಷ ಮಳೆ ಒಂದೇ ಸಮ ಸುರಿದು ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿಯಿತು, ಚಾರ್ಮಾಡಿ ಘಾಟಿ ಬಂದ್ ಆಯಿತು. ವರ್ಷದ ಒಟ್ಟು ಮಳೆ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಅಣಬೆಗೆ, ಕಳಲೆಗೆ ಬೇಕಾದದ್ದು ಒಟ್ಟು ಮಳೆ ಅಲ್ಲ, ಹೊತ್ತಿಗೆ ಸರಿಯಾಗಿ ಬರುವ ಮಳೆ. ಜೇನಿಗೆ ಇನ್ನೊಂದು ಥರ: ಕೀಳುವ ಹೊತ್ತಿಗೆ ಮಳೆ ಜಾಸ್ತಿ ಹಿಡಿದರೆ ತುಪ್ಪದಲ್ಲಿ ನೀರಿನ ಅಂಶ ಉಳಿದು ಬೇಗ ಹುಳಿ ಬರುತ್ತದೆ.

ದತ್ತಾಂಶಕ್ಕೆ ಹವಾಮಾನ ಇಲಾಖೆಯ ದಿನದ ಮಳೆ ಇಟ್ಟುಕೊಂಡಿದ್ದೇನೆ, ಅದು 1901ರಿಂದ ಸಿಗುತ್ತದೆ, ಕಾಲು ಡಿಗ್ರಿಯ ಚೌಕಕ್ಕೆ ಒಂದು ಅಂಕಿ, ಚೌಕದ ಅಗಲ ಸುಮಾರು 27 ಕಿಲೋಮೀಟರ್. ಉಷ್ಣಾಂಶ 1951ರಿಂದ, ಆದರೆ ಒಂದು ಡಿಗ್ರಿ ಚೌಕ. ಕುದುರೆಮುಖದ ಶೋಲಾ ಕಾಡೂ (ಬೆಟ್ಟದ ಕಣಿವೆಯ ತಂಪು ಕಾಡು) ಚಿಕ್ಕಮಗಳೂರು ಪೇಟೆಯೂ ಒಂದೇ ಚೌಕದಲ್ಲಿ ಬಿದ್ದರೆ ಆ ಸರಾಸರಿಯನ್ನು ಕಾಡಿನ ಬಿಸಿ ಅಂತ ಹೇಗೆ ನಂಬುವುದು, ಅಲ್ವಾ? ವರ್ಷದಿಂದ ವರ್ಷಕ್ಕೆ ಏರಿಕೆ ಇಳಿಕೆ ನಿಜವೇ ಅಂತ ನೋಡುವ ಮ್ಯಾನ್-ಕೆಂಡಾಲ್ ಪರೀಕ್ಷೆ, ಅದು ಎಷ್ಟು ಅಂತ ಹೇಳುವ ಸೆನ್ ಇಳಿಜಾರು ಎರಡನ್ನೂ ಓಡಿಸುತ್ತಿದ್ದೇನೆ, ಆದರೆ ಉಷ್ಣಾಂಶದ ಫಲಿತಾಂಶವನ್ನು ಇಡೀ ಜಿಲ್ಲೆಯ ಮಾತು ಅಂತಲೇ ಬರೆಯುತ್ತೇನೆ, ಒಂದು ಹಾಡಿಯ ಹೆಸರು ಹಾಕುವುದಿಲ್ಲ.

ಹಾಗಾಗಿ ಕಾಫಿ ತೋಟದ ಮಳೆ ಪುಸ್ತಕಗಳು ನನಗೆ ಚಿನ್ನ. ಪರಿಚಯದ ಎಸ್ಟೇಟೊಂದು ತಮ್ಮ ಹಳೇ ರಿಜಿಸ್ಟರ್ ಕೊಟ್ಟಿದೆ. ಇಂಚು, ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದದ್ದು: 1-47 ಅಂದ್ರೆ ಒಂದು ಇಂಚು 47 ಸೆಂಟ್ಸ್, 25.4ರಿಂದ ಗುಣಿಸಿದರೆ 37 ಮಿಲಿಮೀಟರ್ ಚಿಲ್ಲರೆ. ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದದ್ದನ್ನು ಅದೇ ದಿನದ ಲೆಕ್ಕಕ್ಕೆ ಹಾಕುತ್ತದೆ, ಈ ರೈಟರು (ಎಸ್ಟೇಟಿನ ಲೆಕ್ಕ ಬರೆಯುವವರು) ಹಿಂದಿನ ದಿನದ ಸಾಲಿನಲ್ಲಿ ಬರೆದಿದ್ದಾರೆ. ಎರಡನ್ನೂ ಹೊಂದಿಸುವಾಗ ಒಂದು ದಿನ ಸರಿಸಬೇಕು, ಇಲ್ಲದಿದ್ದರೆ ನಕ್ಷತ್ರದ ಗಡಿಯಲ್ಲಿ ಬಿದ್ದ ಜೋರು ಮಳೆ ತಪ್ಪು ಖಾನೆಗೆ ಹೋಗುತ್ತದೆ.

ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವ ಆಸೆ ಬಹಳ ಸುಲಭವಾಗಿ ಬರುತ್ತದೆ. ಗೊರಬನ್ನೇ ತಗೊಳ್ಳಿ. ಬಿದಿರ ಸೀಳು ಹೆಣೆದು ನಡುವೆ ಎಲೆ ಪೇರಿಸಿದ ಆ ಮಳೆಗೂಡು ಬೆನ್ನಿಗೆ ಹಾಕಿಕೊಂಡು ಬಗ್ಗಿ ನಾಟಿ ಮಾಡುತ್ತಿದ್ದರು. ಅದು ಕಡಿಮೆಯಾದದ್ದು ಪ್ಲಾಸ್ಟಿಕ್ ಕೊಪ್ಪೆ ಬಂದು, ಗದ್ದೆ ತೋಟವಾಗಿ. ಬಿದಿರೂ ದಶಕಗಳಿಗೊಮ್ಮೆ ಹೂ ಬಿಟ್ಟು ಮೆಳೆಗೆ ಮೆಳೆಯೇ ಸಾಯುತ್ತದೆ, ಅದು ಅದರ ಸ್ವಭಾವ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡಿಗೆ ಹೋಗಿ ಬರುವ ದಾರಿಯೂ ಬದಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಡುತ್ತದೆ, ಆದರೆ ಹಕ್ಕುಪತ್ರ ಕೈಗೆ ಬರದ ಮನೆಗೆ ಜೇನು ಕಡಿಮೆ ಸಿಕ್ಕಿದ್ದು ಮಳೆಯಿಂದಲೋ ತಡೆಯಿಂದಲೋ ಅಂತ ಕೇಳಲೇಬೇಕು. ಅದಕ್ಕೇ ಪ್ರತಿ ವಸ್ತುವಿನ ಮುಂದೆ "ಬೇರೆ ಕಾರಣ" ಅಂತ ಒಂದು ಅಂಕಣ ಇಟ್ಟಿದ್ದೇನೆ, ಈಗ ಅದೇ ಎಲ್ಲಕ್ಕಿಂತ ಉದ್ದವಾಗಿದೆ.

ನಕ್ಷೆಯ ವಿಷಯ ತೀರ್ಮಾನವಾಯಿತು. ಜೇನು ಮರ, ದೈವದ ಬನ ಎಲ್ಲಿವೆ ಅಂತ ಗುರುತು ಹಾಕುವುದಿಲ್ಲ. "ಮರ ತೋರಿಸ್ತೀವಿ ಮಾರಾಯ್ರೆ, ಫೋನಲ್ಲಿ ಹಾಕ್ಬೇಡಿ" ಅಂದರು ಒಬ್ಬ ಅಜ್ಜ. ಅವರ ಮಾತು ಸರಿ, ಗುರುತು ಸಿಕ್ಕರೆ ಹೊರಗಿನವರು ಮೊದಲು ಹೋಗಿ ಕೀಳುತ್ತಾರೆ. ತಾಲ್ಲೂಕಿನ ಮಟ್ಟಕ್ಕೇ ನಿಲ್ಲಿಸುತ್ತೇನೆ.

ಮುಂದೆ ನೋಡಬೇಕಾದ ವರ್ಷ 2023. ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಅದು. ಆ ಆಶ್ಲೇಷ, ಮಖೆಯಲ್ಲಿ ಕಾಡಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಕಳಲೆ ತರುವ ಹೆಂಗಸರನ್ನೇ ಕೂರಿಸಿ ಕೇಳಬೇಕು. ಇಲ್ಲಿವರೆಗೆ ಮಾತಾಡಿದ್ದು ಹೆಚ್ಚಾಗಿ ಗಂಡಸರ ಹತ್ತಿರ. ಕಳಲೆ ಕೊಚ್ಚಿ, ದಿನಾ ನೀರು ಬದಲಿಸಿ ಕಹಿ ತೆಗೆಯುವವರಿಗೆ ಯಾವ ವರ್ಷದ್ದು ಎಳೆಯದು, ಯಾವುದು ಬಲಿತದ್ದು ಅಂತ ಚೆನ್ನಾಗಿ ನೆನಪಿರುತ್ತದೆ.