ಸ್ಯಾಂತ್ ಶಪೆಲ್: ಕಪಾಟಿಗಾಗಿ ಕಳಚಿದ ಎರಡು ಮೀಟರ್ ಗಾಜು

ಪ್ಯಾರಿಸ್ಸಿನ ಸಿತೆ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ರಸ್ತೆ ದಾಟಿದರೆ ಹಳೇ ಅರಮನೆ, ಈಗಿನ ನ್ಯಾಯಾಲಯ. ಬಣ್ಣದ ಗಾಜಿನ ಕಿಟಕಿಗಳ ಪ್ರಾರ್ಥನಾ ಮಂದಿರ ಸ್ಯಾಂತ್ ಶಪೆಲ್ ಅದರ ಅಂಗಳದೊಳಗಿದೆ. ಕೋರ್ಟಿನ ಆವರಣವಾದ್ದರಿಂದ ತಪಾಸಣೆ ಬಿಗಿ: ಚಾಕು, ಕತ್ತರಿ, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಹೊತ್ತು ಗೊತ್ತುಮಾಡಿದ ಟಿಕೆಟ್ ಕೈಯಲ್ಲಿದ್ದರೂ ಈ ಸಾಲು ತಪ್ಪದು. ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವುದು ಒಳ್ಳೆಯದು.

ದೊರೆ ಒಂಬತ್ತನೇ ಲೂಯಿ ಇದನ್ನು ಕಟ್ಟಿಸಿದ್ದು ಒಂದೇ ಕಾರಣಕ್ಕೆ. ಯೇಸುವಿನ ತಲೆಗೆ ತೊಡಿಸಿದ್ದೆಂದು ನಂಬಲಾದ ಮುಳ್ಳಿನ ಕಿರೀಟವನ್ನು ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ವೆನಿಸ್ಸಿನ ವರ್ತಕರಲ್ಲಿ ಅಡವಿಟ್ಟಿದ್ದ. ಲೂಯಿ 1,35,000 ಲಿವ್ರ್ (ಆಗಿನ ಫ್ರಾನ್ಸಿನ ಹಣ) ಕೊಟ್ಟು ಬಿಡಿಸಿಕೊಂಡು 1239ರಲ್ಲಿ ಪ್ಯಾರಿಸ್ಸಿಗೆ ತರಿಸಿದ. ಅದನ್ನಿಡಲು ಕಟ್ಟಿದ ಈ ಪ್ರಾರ್ಥನಾ ಮಂದಿರಕ್ಕೆ ತಗುಲಿದ್ದು ಸುಮಾರು 40,000 ಲಿವ್ರ್. ಒಡವೆಯ ಬೆಲೆಯ ಮೂರನೇ ಒಂದು ಪಾಲೂ ಪೆಟ್ಟಿಗೆಗೆ ಆಗಲಿಲ್ಲ. 1248ರ ಏಪ್ರಿಲ್ 26ಕ್ಕೆ ಪ್ರತಿಷ್ಠೆ ಮುಗಿದಿತ್ತು.

ಮೊದಲು ಸಿಗುವುದು ಕೆಳ ಮಂದಿರ, ಅರಮನೆಯ ಸಿಬ್ಬಂದಿಗೆಂದು ಕಟ್ಟಿದ್ದು. ಕೆಂಪು, ನೀಲಿ, ಚಿನ್ನದ ಬಣ್ಣ ನೋಡಿ ಹದಿಮೂರನೇ ಶತಮಾನದ್ದೆಂದುಕೊಳ್ಳಬೇಡಿ. 1690ರಲ್ಲಿ ಸೇನ್ ನದಿಯ ನೆರೆ ನುಗ್ಗಿ ಇಲ್ಲಿನ ಗಾಜು, ಚಿತ್ರ ಹಾಳಾದವು. ಈಗಿರುವ ಬಣ್ಣ ಬಹುಪಾಲು ಹತ್ತೊಂಬತ್ತನೇ ಶತಮಾನದ ಕೈಕೆಲಸ. ಹತ್ತು ನಿಮಿಷ ಸಾಕು. ಮೂಲೆಯ ಸುರುಳಿ ಮೆಟ್ಟಿಲು ಇಕ್ಕಟ್ಟು, ಬೆನ್ನಚೀಲವನ್ನು ಮುಂದಕ್ಕೆ ಹಾಕಿಕೊಂಡು ಹತ್ತಿ.

ಮೇಲೆ ಗೋಡೆಯೇ ಇಲ್ಲ. ಇಪ್ಪತ್ತು ಮೀಟರ್ ಎತ್ತರದ ಕಲ್ಲಿನ ಕಮಾನುಚಾವಣಿ, ತೆಳ್ಳನೆ ಕಂಬಗಳು, ನಡುವೆ 15 ಕಿಟಕಿ. ದೊಡ್ಡವು 15 ಮೀಟರ್ ಮೀರಿದ ಎತ್ತರ. ಇದು ನಿಂತಿರುವ ಗುಟ್ಟಿನಲ್ಲಿ ಅರ್ಧ ಹೊರಗಿನ ಊರೆಗಂಬಗಳದು, ಇನ್ನರ್ಧ ಕಬ್ಬಿಣದ್ದು. ಕಿಟಕಿಗಳಲ್ಲಿ ಅಡ್ಡಲಾಗಿ ಕಾಣುವ ದಪ್ಪ ಪಟ್ಟಿ ಗಾಜು ಹಿಡಿಯಲು ಮಾತ್ರ ಇರುವುದಲ್ಲ. ಅದು ಕಂಬಗಳನ್ನೂ ಹಾದು ಇಡೀ ಕಟ್ಟಡಕ್ಕೆ ಡಾಬಿನಂತೆ ಸುತ್ತಿಕೊಂಡಿದೆ.

ಗಾಜಿನಲ್ಲಿರುವುದು 1,113 ದೃಶ್ಯ. ಓದುವ ಕ್ರಮಕ್ಕೆ ನಮ್ಮವರಿಗೆ ಪಾಠ ಬೇಕಿಲ್ಲ: ಪೂರ್ವಕ್ಕೆ ಮುಖಮಾಡಿ ನಿಂತು ಎಡಗೈಯ ಮೊದಲ ಕಿಟಕಿಯ ಸೃಷ್ಟಿಕಥೆಯಿಂದ ಹೊರಟು ಪ್ರದಕ್ಷಿಣೆ ಹಾಕಿದರಾಯಿತು. ಒಂದೊಂದು ಕಿಟಕಿಯನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಬಲಗೈಯ ಕೊನೆಯದರಲ್ಲಿ ಕಿರೀಟ ಪ್ಯಾರಿಸ್ಸಿಗೆ ಬಂದ ಕಥೆಯೇ ಇದೆ. ಮೇಲಿನ ಸಾಲುಗಳಿಗೆ ದುರ್ಬೀನು ಬೇಕೇಬೇಕು. ಕಡುಬಿಸಿಲಿನಲ್ಲಿ ಬಣ್ಣ ಝಗಮಗಿಸುತ್ತದೆ, ಆದರೆ ಮುಖಗಳು ಕರಗಿಹೋಗುತ್ತವೆ. ಕಥೆ ಓದಲು ಮೋಡದ ದಿನವೇ ವಾಸಿ. ಪಶ್ಚಿಮದ ಗುಲಾಬಿ ಕಿಟಕಿ ಹದಿನೈದನೇ ಶತಮಾನದ ಕೊನೆಯದು. ಅದನ್ನು ಇಳಿಹೊತ್ತಿಗೆ ನೋಡಬೇಕು.

ಎಲ್ಲರೂ ಕತ್ತೆತ್ತಿ ನಿಂತಿರುವಾಗ ಕಿಟಕಿಗಳ ಬುಡ ನೋಡಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಶಿಖರ ಕೆಡವಿ, ಕಿರೀಟವಿದ್ದ ಚಿನ್ನದ ಪೆಟ್ಟಿಗೆಯನ್ನು ಕರಗಿಸಿ, ಮಂದಿರವನ್ನು ಹಿಟ್ಟಿನ ಉಗ್ರಾಣ ಮಾಡಿದರು. 1803ರಿಂದ 1837ರವರೆಗೆ ಇದು ನ್ಯಾಯಾಲಯದ ದಾಖಲೆಕೋಣೆ. ಕಡತಕ್ಕೆ ಕಪಾಟು ಬೇಕು, ಕಪಾಟು ಒರಗಲು ಗೋಡೆ ಬೇಕು. ಗೋಡೆ ಇಲ್ಲದ್ದಕ್ಕೆ ಕಿಟಕಿಗಳ ಕೆಳಗಿನ ಸುಮಾರು 2 ಮೀಟರ್ ಗಾಜನ್ನೇ ಕಳಚಿದರು. ಕೆಲವು ತುಂಡುಗಳು ಬೇರೆ ಕಿಟಕಿಗಳ ತೂತಿಗೆ ತೇಪೆಯಾದವು, ಕೆಲವು ಮಾರಾಟವಾಗಿ ಇಂಗ್ಲೆಂಡಿಗೆ ಹೋದವು. ಲೆಸ್ಟರ್‌ಶೈರಿನ ಟ್ವೈಕ್ರಾಸ್ ಎಂಬ ಹಳ್ಳಿಯ ಚರ್ಚಿನಲ್ಲೂ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲೂ ಈಗಲೂ ಇವೆ. ಹಾಗೆಂದು ಗುಮಾಸ್ತರನ್ನು ಬೈದು ಮುಗಿಸುವಂತಿಲ್ಲ. ಆ ಕಾಲದಲ್ಲಿ ಕೆಲಸಕ್ಕೆ ಬಾರದ ಚರ್ಚುಗಳು ಕಲ್ಲಿನ ಬೆಲೆಗೆ ಹೋಗುತ್ತಿದ್ದವು. ಕಡತ ತುಂಬಿದ್ದರಿಂದ ಇದಕ್ಕೊಂದು ಉಪಯೋಗವಾದರೂ ಉಳಿದಿತ್ತು.

ಆಮೇಲೆ ವಾಸ್ತುಶಿಲ್ಪಿಗಳಾದ ದುಬಾನ್, ಲಾಸ್ಸು, ಬೊಯೆಸ್ವಿಲ್ವಾಲ್ಡ್ ಒಬ್ಬರಾದ ಮೇಲೊಬ್ಬರು ಜೀರ್ಣೋದ್ಧಾರ ನಡೆಸಿದರು. ಕಳೆದ ಗಾಜಿನ ಜಾಗಕ್ಕೆ ಸ್ಟೈನ್‌ಹೈಲ್ ಚಿತ್ರ ಬರೆದುಕೊಟ್ಟ, ಲ್ಯೂಸೋಂ ಗಾಜು ಮಾಡಿದ. ಹಳೆಯದಕ್ಕೆ ಎಷ್ಟು ಹೊಂದಿಸಿದ್ದಾರೆಂದರೆ ನೆಲದಲ್ಲಿ ನಿಂತವರಿಗೆ ವ್ಯತ್ಯಾಸ ಗೊತ್ತಾಗದು. ಇಂದು ಮೂರರಲ್ಲಿ ಎರಡು ಪಾಲು ಗಾಜು ಮೂಲದ್ದು. ಈಗಿನ ಶಿಖರವೂ ಆ ಕಾಲದ್ದೇ: 33 ಮೀಟರಿನ ದೇವದಾರು ಮರದ ಕೆಲಸ.

ಈಗಿನ ಶತ್ರು ಹೊಗೆ ಮತ್ತು ತೇವ. ಬಂದವರ ಉಸಿರಿನ ತೇವ ತಣ್ಣನೆ ಗಾಜಿನ ಮೇಲೆ ಹನಿಗಟ್ಟಿದರೆ ಮುಖ, ಬಟ್ಟೆಯ ಮಡಿಕೆ ಬರೆದ ಕಪ್ಪು ಬಣ್ಣ ಸವೆಯುತ್ತದೆ. ಅದಕ್ಕೇ 2014–15ರ ಹೊತ್ತಿಗೆ ಮುಗಿದ ಕೆಲಸದಲ್ಲಿ ಕೊಳೆಯನ್ನು ಲೇಸರಿನಿಂದ ತೆಗೆದು, ಹಳೇ ಗಾಜಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗಿಸಿದ ಎರಡನೇ ಗಾಜನ್ನು ಹೊರಗೆ ಕೂರಿಸಿದರು. ನಡುವೆ ಗಾಳಿಯಾಡುತ್ತದೆ; ಮಳೆ, ಹೊಗೆ ಹೊರಗಿನದಕ್ಕೇ ತಾಗುತ್ತವೆ.

ಕಿರೀಟ ಇಲ್ಲಿಲ್ಲ, ನೋತ್ರ್ ದಾಮ್‌ನಲ್ಲಿದೆ. ಗಾಜಿನ ಮೇಲಿನ ಕುಂಚದ ಗೆರೆಗಳನ್ನು ಕಣ್ಣಳತೆಯಲ್ಲೇ ನೋಡಬೇಕಾದರೆ ನದಿ ದಾಟಿ ಕ್ಲ್ಯೂನಿ ಸಂಗ್ರಹಾಲಯಕ್ಕೆ ನಡೆಯಿರಿ. ಇಲ್ಲಿಂದ ಹೋದ ಕೆಲವು ಗಾಜಿನ ಫಲಕಗಳೂ ಯೇಸುವಿನ ಶಿಷ್ಯರ ಕೆಲವು ಮೂಲ ಮೂರ್ತಿಗಳೂ ಅಲ್ಲಿವೆ. ಸೋಮವಾರ ಅದಕ್ಕೆ ರಜೆ.